ಸತ್ತ ಜೇಡರಾಜನ ಮೆರವಣಿಗೆ

ಕೋಬಾರ್
೧೨ ಜನವರಿ ೧೯೯೨

ಕೇಳಿರಿ, ಕೇಳಿರಿ! ಗಾಸ್‌ಫರ್ಡ್ ಬೆಟ್ಟದ ಮನೆಯಲ್ಲಿ ತಿಂಡಿಯ ಮೇಜಿನ ಸುತ್ತ ನೆರೆದಿರುವ ಸಮಸ್ತ ಮಹಾಜನಗಳೇ! ಮುಂದಿನ ಸಾಲಿನವರು ಕುಳಿತುಕೊಳ್ಳಿ, ಹಿಂದಿನ ಸಾಲಿನವರು ಕಿವಿ ಅಗಲಿಸಿಕೊಳ್ಳಿ! ಅಳಿಯಂದಿರಾದ ಗ್ರಾಂಟ್ ಅವರು ಬಾಯಲ್ಲಿರುವ ಬ್ರೆಡ್ಡನ್ನು ನುಂಗಿ, ಗಂಟಲು ಸರಿಮಾಡಿಕೊಂಡು, ಎದ್ದು ನಿಂತು ಈ ಪತ್ರವನ್ನು ಓದತಕ್ಕದ್ದು. ಗೊಣಗಬಾರದು. ಕಳೆದ ಸಲ ಅವರು ಓದಿದ್ದು ಮರದ ಮಿಲ್ಲಿನ ಸರಕುಪಟ್ಟಿ ಓದಿದ ಹಾಗಿತ್ತೆಂದು ನನ್ನ ಮೊಮ್ಮಗಳು ಟೀಗನ್ ಫೋನಿನಲ್ಲಿ ದೂರು ಸಲ್ಲಿಸಿದ್ದಾಳೆ.

ಸುದ್ದಿ ಇದು. ಮರ್ವಿನ್ ಟ್ರ್ಯಾಂಟರ್, ವಯಸ್ಸು ಅರವತ್ತೈದು, ಈ ಒಣ ನಾಡಿನ ಮೂವತ್ತು ಊರುಗಳಲ್ಲಿ ಗುಡಾರ ಹಾಕಿ ನಾಟಕ ಆಡಿಸಿದ ತಂದೆಯ ಮಗ, ರಾಜ, ಕೊಲೆಗಡುಕ, ವಿಧವೆ, ಕುದುರೆಯ ಹಿಂಭಾಗ ಇತ್ಯಾದಿ ಪಾತ್ರಗಳಲ್ಲಿ ಮೆರೆದವನು, ಫೆಬ್ರವರಿ ಮೂರರಂದು ನಿಮ್ಮೂರಿನಲ್ಲಿ ಬಸ್ಸಿಳಿಯುತ್ತಾನೆ. ಬ್ರಾನ್ವಿನ್, ಮಗಳೇ, ನೀನು ನಿಶ್ಚಿಂತೆಯಿಂದ ಗ್ರಂಥಾಲಯದ ಕೆಲಸಕ್ಕೆ ಹೋಗು. ಟೀಗನ್ ಶಾಲೆಯಿಂದ ಬಂದಾಗಿನಿಂದ ನೀನು ಮನೆ ಸೇರುವ ತನಕ ಕಾವಲು ನನ್ನದು.

ಇನ್ನು ನೀನು ಕಳಿಸಿದ ಜೇಡದ ಫರ್ಮಾನು. ಓದಿದೆ. ಎರಡು ಹಾಳೆ! ಮಗು ಶೂ ಹಾಕುವ ಮೊದಲು ಅದನ್ನು ಒದರಿ ಕೊಡವಬೇಕು, ನೆಲದ ಮೇಲೆ ಬಟ್ಟೆ ಬಿಡಬಾರದು, ಬರಿಗಾಲಲ್ಲಿ ಹಿತ್ತಲಿಗೆ ಹೋಗಬಾರದು. ಅಲ್ಲ ಕಣೇ, ನೀನು ಬೆಳೆದದ್ದೆಲ್ಲಿ? ನಮ್ಮ ಹಿತ್ತಲ ಪಾಯಿಖಾನೆಯಲ್ಲಿ ಕೆಂಪುಬೆನ್ನಿನ ಜೇಡಗಳು ನಮಗಿಂತ ಹಳೆಯ ಬಾಡಿಗೆದಾರರು. ಐವತ್ತೊಂದರಲ್ಲಿ ಬರ್ಕ್ ಊರಿನಲ್ಲಿ, ಪರದೆ ಏಳಲು ಅರ್ಧ ಗಂಟೆಯಿದೆ ಎನ್ನುವಾಗ, ರಾಜನ ವೇಷದಲ್ಲಿದ್ದ ನನ್ನ ಹಿಂಭಾಗವನ್ನೇ ಒಂದು ಕಚ್ಚಿತು. ನಮ್ಮಪ್ಪ ಏನಂದ ಗೊತ್ತೆ? "ಲೇ ಮರ್ವ್, ಇವತ್ತು ಸಿಂಹಾಸನದ ಮೇಲೆ ಕೂರ್ಬೇಡ, ನಿಂತೇ ಆಳು!" ನಿಲುವಂಗಿಯೊಳಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು ಮೂರು ಅಂಕ ನಿಂತೇ ಆಳಿದೆ. ಹೆಜ್ಜೆ ಹಾಕಿದಾಗಲೆಲ್ಲ ನೀರು ತೊಟ್ಟಿಕ್ಕುತ್ತಿತ್ತು. ಜನ ಏನೆಂದುಕೊಂಡರೋ! ಆದರೂ ಚಪ್ಪಾಳೆ ಬಿತ್ತು.

ಮಗುವಿಗೆ ಭಯ ಕಲಿಸಬೇಡ. ನಾನು ಬಂದು ಧೈರ್ಯ ಕಲಿಸುತ್ತೇನೆ. ಟೀಗನ್‌ಗಾಗಿ ಹೊಸ ನಾಟಕವೊಂದು ಸಿದ್ಧವಾಗುತ್ತಿದೆ. ನಾಯಕ: ಎಂಟು ಕಾಲಿನ ರಾಜ!

ನಿಮ್ಮೆಲ್ಲರ ವಿಧೇಯ ನಟ,
ಮರ್ವಿನ್ ತಾತ

*

ಗಾಸ್‌ಫರ್ಡ್
೨೦ ಜನವರಿ ೧೯೯೨

ಅಪ್ಪಾ,

ಗ್ರಾಂಟ್ ಎದ್ದು ನಿಂತೇ ಓದಿದ. ಟೀಗನ್ ನಕ್ಕು ನಕ್ಕು ಹಾಲು ಚೆಲ್ಲಿದಳು. ಈಗ ನನ್ನದು ಓದು. ಇದರಲ್ಲಿ ನಗುವಂಥದ್ದೇನೂ ಇಲ್ಲ.

ನಿನ್ನ ಜೇಡವೇ ಬೇರೆ, ನಮ್ಮ ಜೇಡವೇ ಬೇರೆ. ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿ ಕೂರುವ ಕಂದು ಜೇಡಗಳಿವೆಯಲ್ಲ, ಅವನ್ನು ನಾವೂ ಏನೂ ಮಾಡುವುದಿಲ್ಲ. ಟೀಗನ್ ಸ್ನಾನದಮನೆಯ ಜೇಡಕ್ಕೆ ಹೆಸರಿಟ್ಟಿದ್ದಾಳೆ. ನಾನು ಹೇಳುತ್ತಿರುವುದು ನೆಲದೊಳಗೆ ಕೊಳವೆಯಂಥ ಬಲೆ ಹೆಣೆದು ವಾಸಿಸುವ ಕಪ್ಪು ಜೇಡ. ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ನಿನ್ನೂರಲ್ಲಿ ಅದು ಇಲ್ಲ. ಇಲ್ಲಿ ಹಿತ್ತಲ ಹಿಂದಿನ ಕಾಡಿನಲ್ಲಿದೆ. ನೀನು ಬರುವ ಫೆಬ್ರವರಿಯಲ್ಲಿ, ಬೇಸಿಗೆಯ ಕೊನೆಗೆ, ಮಳೆ ಹಿಡಿದರೆ ಗಂಡು ಜೇಡಗಳು ಹೆಣ್ಣನ್ನು ಹುಡುಕಿಕೊಂಡು ಅಲೆಯುತ್ತವೆ. ಬಾಗಿಲ ಸಂದಿ, ಶೂ, ಒದ್ದೆ ಟವೆಲ್ಲು, ಎಲ್ಲೆಂದರಲ್ಲಿ.

ಮುಖ್ಯವಾದದ್ದು ಈಜುಕೊಳ. ಅಲೆಯುವಾಗ ಅದರಲ್ಲಿ ಬೀಳುತ್ತವೆ, ತಳಕ್ಕಿಳಿದು ಕಾಲು ಮಡಚಿಕೊಂಡು ಬಿದ್ದಿರುತ್ತವೆ. ನೋಡಿದರೆ ಸತ್ತಿದೆ ಅನಿಸುತ್ತದೆ. ಸತ್ತಿರುವುದಿಲ್ಲ ಅಪ್ಪಾ. ಮೈಗೂದಲಲ್ಲಿ ಗಾಳಿಯ ಗುಳ್ಳೆ ಹಿಡಿದಿಟ್ಟುಕೊಂಡು ಇಡೀ ಒಂದು ದಿನ ಬದುಕಿರಬಲ್ಲವು. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಗ್ರಾಂಟ್ ಉದ್ದ ಕೋಲಿನ ಬಲೆಯಿಂದ ಕೊಳವನ್ನು ಜಾಲಾಡುತ್ತಾನೆ. ಸಿಕ್ಕರೆ ಅಗಲ ಬಾಯಿಯ ಜಾಡಿಗೆ ಹಾಕಿ, ಮುಚ್ಚಳ ಬಿಗಿದು, ವಿಷ ಹಿಂಡಿ ಮದ್ದು ಮಾಡುವವರಿಗೆ ಕೊಟ್ಟು ಬರುತ್ತೇವೆ. ಇಲ್ಲಿ ಎಲ್ಲರೂ ಹಾಗೇ ಮಾಡುವುದು. ನೀನು ಜಾಡಿಯ ಗೋಜಿಗೂ ಹೋಗಬೇಡ. ಕಂಡರೆ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕು.

ಕಚ್ಚಿದರೆ ಮಂಜುಗಡ್ಡೆಯಲ್ಲ. ಅದು ಕೆಂಪುಬೆನ್ನಿನದಕ್ಕೆ. ಕಪ್ಪು ಜೇಡಕ್ಕೆ ಅಗಲದ ಪಟ್ಟಿಯಿಂದ ಇಡೀ ಕೈಯನ್ನೋ ಕಾಲನ್ನೋ ಬಿಗಿಯಾಗಿ ಸುತ್ತಬೇಕು, ಕೋಲು ಕಟ್ಟಬೇಕು, ಮಲಗಿಸಬೇಕು. ಒಂದು ಹೆಜ್ಜೆಯನ್ನೂ ನಡೆಸಬಾರದು. ಆಂಬ್ಯುಲೆನ್ಸ್ ಕರೆಯಬೇಕು. ಪಟ್ಟಿಗಳು ಚಮಚದ ಡ್ರಾಯರಿನ ಕೆಳಗಿನದರಲ್ಲಿವೆ. ಇದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಟೀಗನ್‌ಗೆ ಭಯವಿಲ್ಲ, ನಿಯಮ ಗೊತ್ತು ಅಷ್ಟೆ. ಮೊನ್ನೆ ಪಕ್ಕದ ಮನೆಯ ಯೋಲಾಂಡಾ ಬಾಗಿಲಲ್ಲಿ ಶೂ ಬಿಚ್ಚಿಟ್ಟಿದ್ದರು. ಹೊರಡುವಾಗ ಇವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಒದರಿ ಹಾಕ್ಕೊಳ್ಳಿ ಆಂಟಿ. ನಮ್ಮನೇಲಿ ಏನಾದ್ರೂ ಆದ್ರೆ ಅಮ್ಮ ನಂಗೆ ಬೈತಾಳೆ" ಅಂದಳು.

ಬಾ. ಕಾಯುತ್ತಿದ್ದೇವೆ.

ಬ್ರಾನ್

*

(ಫ್ರಿಜ್ಜಿನ ಮೇಲೆ)
ಬುಧವಾರ, ೧೨ ಫೆಬ್ರವರಿ

ಬ್ರಾನ್,

ಮೂರು ದಿನ ಸುರಿದ ಮಳೆ ಇವತ್ತು ನಿಂತಂತಿದೆ. ನಿನ್ನ ಫರ್ಮಾನನ್ನು ಇನ್ನೊಮ್ಮೆ ಓದಿದೆ. ಸಂಭಾಷಣೆ ನೀರಸ, ಹಾಡುಗಳಿಲ್ಲ. ನಾಳೆ ಬಿಸಿಲು ಬಂದರೆ ನಾವಿಬ್ಬರೂ ಹಿತ್ತಲಲ್ಲಿ ತಾಲೀಮು ಮಾಡುತ್ತೇವೆ. ರಾಣಿಯಾಗುವ ಟೀಗನ್‌ಗೆ ನಿನ್ನ ಹಳದಿ ಶಾಲು ಬೇಕಂತೆ. ನಾಯಕ ಇನ್ನೂ ಸಿಕ್ಕಿಲ್ಲ. ನಾನು ಹೆಣೆದ ಉಣ್ಣೆಯ ಜೇಡವನ್ನು ರಾಣಿ ಒಪ್ಪುತ್ತಿಲ್ಲ. "ಇದು ಜೇಡ ಅಲ್ಲ ತಾತ, ಕಾಲ್ಚೀಲ!" ಅನ್ನುತ್ತಾಳೆ. ವಿಮರ್ಶಕಿ!

ಅಪ್ಪ

*

ಗಾಸ್‌ಫರ್ಡ್
೮ ಮಾರ್ಚ್ ೧೯೯೨

ಅಪ್ಪಾ,

ನೀನು ಆಸ್ಪತ್ರೆಯಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋದೆ. ನಿನ್ನ ಪೆಟ್ಟಿಗೆ ಇನ್ನೂ ಇಲ್ಲೇ ಇದೆ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಟೀಗನ್ ಮನೆಗೆ ಬಂದು ಐದು ದಿನವಾಯಿತು. ಬದುಕಿದಳು, ಅದನ್ನು ಎಲ್ಲರೂ ಹೇಳುತ್ತಾರೆ. ಆಂಬ್ಯುಲೆನ್ಸಿನಲ್ಲಿ ಅವಳ ಎದೆಬಡಿತ ನಾಲ್ಕು ನಿಮಿಷ ನಿಂತಿತ್ತು ಎನ್ನುವುದನ್ನು ನಿನಗೆ ಯಾರೂ ಹೇಳಿರಲಾರರು. ಮದ್ದು ವಿಷವನ್ನು ಇಳಿಸಿತು. ಆ ನಾಲ್ಕು ನಿಮಿಷಕ್ಕೆ ಮದ್ದಿಲ್ಲ. ಎಡಗಾಲು ಎಳೆಯುತ್ತಾಳೆ. ಚಮಚ ಬಾಯಿಗೆ ಹೋಗುವುದರೊಳಗೆ ಅರ್ಧ ಚೆಲ್ಲುತ್ತದೆ. ಮಾತು ಬರುತ್ತದೆ, ಆದರೆ ಪ್ರತಿ ಪದವನ್ನೂ ಎಲ್ಲಿಂದಲೋ ಹೊತ್ತು ತಂದು ಕೆಳಗಿಡುವ ಹಾಗೆ. ಕಾಲ ಕಳೆದಂತೆ ಎಷ್ಟು ಸರಿಹೋಗುತ್ತದೆಂದು ಡಾಕ್ಟರು ಹೇಳುತ್ತಿಲ್ಲ.

ನೀನು ಆ ದಿನ ಡಾಕ್ಟರ ಮುಂದೆ ಹೇಳಿದ್ದಿಷ್ಟು: ನೀನು ಚಹಾ ಮಾಡಲು ಒಳಗೆ ಹೋಗಿದ್ದೆ, ಟೀಗನ್ ತಾನಾಗಿಯೇ ಕೊಳದಿಂದ ಜೇಡವನ್ನು ಎತ್ತಿಕೊಂಡಳು, ಕೂಗಿದಾಗ ಓಡಿ ಬಂದೆ. ನಾನು ಅದನ್ನು ನಂಬಿದೆ. ನಂಬಿ ಏನು ಮಾಡಿದೆ ಗೊತ್ತಾ? ಅವಳಿಗೆ ಪ್ರಜ್ಞೆ ಬಂದ ಎರಡನೆಯ ದಿನ ಕೇಳಿಬಿಟ್ಟೆ: "ಯಾಕೆ ಪುಟ್ಟಾ ಮುಟ್ಟಿದೆ? ಅಮ್ಮ ಎಷ್ಟು ಸಲ ಹೇಳಿದ್ಲು?" ಅವಳು, "ತಪ್... ಪಾಯ್ತು" ಅಂದಳು.

ಅವತ್ತಿನಿಂದ ಎಲ್ಲರಿಗೂ ಅದನ್ನೇ ಹೇಳುತ್ತಾಳೆ. ನರ್ಸಿಗೆ, ಕಾಲಿನ ವ್ಯಾಯಾಮ ಮಾಡಿಸುವವರಿಗೆ, ಸೂಪು ತಂದ ಯೋಲಾಂಡಾಗೆ.

ಗ್ರಾಂಟ್ ಅವತ್ತು ಬೆಳಗ್ಗೆ ತಡವಾಯಿತೆಂದು ಕೊಳ ಜಾಲಾಡಿರಲಿಲ್ಲ. ಅದಕ್ಕೆ ನಾನು ಅವನಿಗೆ ಹೇಳಬಾರದ್ದನ್ನೆಲ್ಲ ಹೇಳಿದ್ದೇನೆ. ಅವನು ಈಗ ದಿನಕ್ಕೆ ನಾಲ್ಕು ಸಲ ಜಾಲಾಡುತ್ತಾನೆ. ಮೊನ್ನೆ ನೀರೆಲ್ಲ ಖಾಲಿ ಮಾಡಿದ. ಖಾಲಿ ಕೊಳದೊಳಗಿಳಿದು ಗುಡಿಸುತ್ತಿದ್ದ.

ಅಪ್ಪಾ, ನನಗೊಂದೇ ಪ್ರಶ್ನೆ. ಅತಿಥಿಗಳ ಶೂ ಒದರಿಸುವ ಮಗು ಅದು. ನಿಜವಾಗಿ ಏನಾಯಿತು?

ಬ್ರಾನ್ವಿನ್

*

ಕೋಬಾರ್
೧೯ ಮಾರ್ಚ್ ೧೯೯೨

ಪ್ರೀತಿಯ ಮಗಳೇ,

ನಿನ್ನ ಪತ್ರ ಓದಿ ಈ ಮುದುಕನ ಎದೆ ಬಿರಿಯಿತು. ವಿಧಿಯು ಎಂಥ ಕ್ರೂರ ಸೂತ್ರಧಾರ! ಹೂವಿನಂಥ ಕೂಸಿನ ಮೇಲೆ ಎಂಥ ಖಡ್ಗ ಬೀಸಿತು! ಆ ದೃಶ್ಯ ದಿನವೂ ಕಣ್ಣ ಮುಂದೆ ಬರುತ್ತದೆ: ನಾನು ಒಲೆಯ ಮುಂದೆ, ಕೆಟಲ್ಲಿನ ಶಿಳ್ಳೆ, ಅದರ ನಡುವೆ ಆ ಚೀತ್ಕಾರ! ಓಡಿದೆ ಮಗಳೇ, ಈ ಮೊಣಕಾಲುಗಳು ಇಪ್ಪತ್ತು ವರ್ಷದಿಂದ ಓಡದಷ್ಟು ವೇಗವಾಗಿ ಓಡಿದೆ.

ಮಕ್ಕಳು ಮಕ್ಕಳೇ. ನಿಯಮ ಬಾಯಲ್ಲಿರುತ್ತದೆ, ಕೈ ಬೇರೆಯದನ್ನೇ ಮಾಡುತ್ತದೆ. ನೀನೂ ಹಾಗೇ ಇದ್ದೆ. ಕೊಳದ ಬೇಲಿಯ ಚಿಲಕ ಸಡಿಲವಾಗಿತ್ತೆಂದು ಗ್ರಾಂಟ್‌ಗೆ ನಾನು ಮೊದಲ ವಾರವೇ ಹೇಳಿದ್ದೆ. ಯಾರನ್ನೂ ದೂಷಿಸುವ ಉದ್ದೇಶ ನನಗಿಲ್ಲ. ಕಾಲ ಎಲ್ಲವನ್ನೂ ಮಾಯಿಸುತ್ತದೆ.

ಈ ಕಟ್ಟಿನಲ್ಲಿ ಟೀಗನ್‌ಗೆ ಒಂದು ಬೊಂಬೆ ಕಾಂಗರೂ ಇದೆ. ನಾನೇ ಹೊಲಿದದ್ದು. ಪೆಟ್ಟಿಗೆಗೆ ಅವಸರವಿಲ್ಲ.

ನಿನ್ನ
ಅಪ್ಪ

*

ಗಾಸ್‌ಫರ್ಡ್
೨ ಮೇ ೧೯೯೨

ಅಪ್ಪಾ,

ಆರು ವಾರ ನಿನಗೆ ಉತ್ತರ ಬರೆಯಲಿಲ್ಲ. ನಿನ್ನ ಪತ್ರದಲ್ಲಿ ಕೆಟಲ್ ಶಿಳ್ಳೆ ಹಾಕಿತು ಎಂದಿದ್ದೀಯ. ನಮ್ಮದು ವಿದ್ಯುತ್ ಕೆಟಲ್. ಅದು ಶಿಳ್ಳೆ ಹಾಕುವುದಿಲ್ಲ.

ನಿನ್ನೆ ಹಿತ್ತಲಲ್ಲಿ ಜೆರೇನಿಯಮ್ ಕುಂಡ ಸರಿಸಿದೆ. ಅದರ ಹಿಂದೆ ನನ್ನ ಅಡುಗೆಮನೆಯ ಜರಡಿ ಬಿದ್ದಿತ್ತು. ಚಹಾದ ಕಪಾಟಿನ ಮೇಲೆ ತೂಗುಹಾಕಿರುವುದು. ಟೀಗನ್‌ಗೆ ಕುರ್ಚಿ ಹತ್ತಿದರೂ ಎಟುಕದು. ಯೋಲಾಂಡಾರನ್ನು ಕೇಳಿದೆ. ಅವರು ಹೇಳಿದರು: "ನಿಮ್ಮಪ್ಪ ಅವಳನ್ನ ನಡೆಸ್ಕೊಂಡು ಬಂದ್ರು ಬ್ರಾನ್. ಕೈಯಲ್ಲಿ ಮಂಜುಗಡ್ಡೆ. ಮಗು ಬಾಯಲ್ಲಿ ಜೊಲ್ಲು ಸುರೀತಿತ್ತು. ದಿಂಬಿನ ಚೀಲ ಹರಿದು ಪಟ್ಟಿ ಕಟ್ಟಿದ್ದು ನಾನು. ಮುದುಕರು, ಪಾಪ, ಏನಂತ ಹೇಳೋದು ಅಂತ ಸುಮ್ಮನಿದ್ದೆ."

ಗ್ರಾಂಟ್ ಹೋದ ತಿಂಗಳು ತನ್ನ ತಮ್ಮನ ಮನೆಗೆ ಹೋದ. ನಾನೇ ಹೋಗು ಅಂದೆ. ಹೊರಡುವಾಗ ಟೀಗನ್ ಬಾಗಿಲವರೆಗೆ ಕಾಲೆಳೆದುಕೊಂಡು ಹೋಗಿ ಅವನ ಪ್ಯಾಂಟು ಹಿಡಿದುಕೊಂಡಳು. "ನಾನ್... ತಪ್ಪು ಮಾಡ್ದೆ ಅಂತಾನಾ ಅಪ್ಪಾ ಹೋಗ್ತಿರೋದು?"

ಅದಕ್ಕೆ ಅವನು ಏನು ಹೇಳಬೇಕಿತ್ತು? ನೀನು ಹೇಳು. ನಾಟಕದ ಮಾತು ಇನ್ನೊಂದು ಸಾಲು ಬಂದರೂ ಓದದೆ ಒಲೆಗೆ ಹಾಕುತ್ತೇನೆ.

ಬ್ರಾನ್ವಿನ್

*

ಗಾಸ್‌ಫರ್ಡ್, ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆ
ಭಾನುವಾರ, ೧೭ ಮೇ ೧೯೯೨

ಬ್ರಾನ್ವಿನ್,

ಇದನ್ನು ಇವತ್ತು ಸಂಜೆ ನಿಮ್ಮ ಟಪಾಲು ಪೆಟ್ಟಿಗೆಗೆ ನಾನೇ ಹಾಕುತ್ತೇನೆ. ಗಂಟೆ ಒತ್ತುವುದಿಲ್ಲ.

ನಾನು ಚಹಾ ಮಾಡುತ್ತಿರಲಿಲ್ಲ.

ಬಿಸಿಲು ಬಂದಿತ್ತು. ಅವಳು ನಿನ್ನ ಶಾಲು ಹೊದ್ದು ರಾಣಿಯಾಗಿದ್ದಳು. ಕೊಳದ ತಳದಲ್ಲಿ ಕಪ್ಪಗೆ ಏನೋ ಬಿದ್ದಿದ್ದನ್ನು ನಾನು ಮೊದಲು ನೋಡಿದೆ. ಉಣ್ಣೆಯ ಜೇಡವನ್ನು ಅವಳು ಒಪ್ಪಿರಲಿಲ್ಲವಲ್ಲ, ಅದು ನನಗೆ ಚುಚ್ಚುತ್ತಿತ್ತು. ಐದು ವರ್ಷದ ಮಗುವಿನ ಮುಂದೆ ಸೋಲಲು ನನಗೆ ಮನಸ್ಸಿರಲಿಲ್ಲ. ಗ್ರಾಂಟ್‌ನ ಬಲೆ ಕಣ್ಣಿಗೆ ಬೀಳಲಿಲ್ಲ, ಒಳಗೆ ಹೋಗಿ ಜರಡಿ ತಂದೆ. ಅದನ್ನು ಉದ್ದ ಕೋಲೊಂದಕ್ಕೆ ಕಟ್ಟಿ ಜೇಡವನ್ನು ಎತ್ತಿದೆ. ಕಲ್ಲುಹಾಸಿನ ಮೇಲೆ ಸುರುವಿ ಕಡ್ಡಿಯಿಂದ ಚುಚ್ಚಿದೆ, ಎರಡು ಸಲ. ಅಲುಗಲಿಲ್ಲ. "ಮಹಾರಾಜರು ತೀರಿಕೊಂಡರು!" ಎಂದು ಕೂಗಿದೆ. "ಮೆರವಣಿಗೆ ಹೊರಡಲಿ! ರಾಣಿ ತನ್ನ ಕೈಯಾರೆ ರಾಜನನ್ನು ಹೊರಲಿ!"

ಅವಳು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. "ಬೇಡ ತಾತ. ಅದು ಸತ್ತಿರಲ್ಲ. ಅಮ್ಮ ಹೇಳಿದಾಳೆ."

"ನಿಮ್ಮಮ್ಮ ಪುಸ್ತಕ ಓದಿ ಹೆದರೋಳು. ನಾನು ಮೂವತ್ತೂರು ಸುತ್ತಿದೋನು. ಸತ್ತ ರಾಜಂಗೆ ಯಾವ ರಾಣಿಯಾದ್ರೂ ಹೆದರ್ತಾಳೇನೆ?"

"ಬೇಡ ತಾತ."

"ಹಾಗಾದ್ರೆ ನೀನು ರಾಣಿಯಲ್ಲ ಬಿಡು. ಶಾಲು ಕೊಡು. ಬೇರೆ ಯಾರಾದ್ರೂ ಆಡ್ತಾರೆ."

ಅಲ್ಲಿ ಬೇರೆ ಯಾರಿದ್ದರು ಬ್ರಾನ್? ಅವಳ ಕಣ್ಣು ತುಂಬಿತ್ತು. ನನಗೆ ಕಾಣಿಸಿತು, ಆದರೂ ಅಂಗೈ ಚಾಚುವ ತನಕ ಬಿಡಲಿಲ್ಲ. ಅದನ್ನು ಎಲೆಯಿಂದ ತಳ್ಳಿ ಅವಳ ಅಂಗೈ ಮೇಲೆ ನಾನೇ ಇಟ್ಟೆ. ಅವಳು ಉಸಿರು ಹಿಡಿದು ಹೆಜ್ಜೆ ಎಣಿಸುತ್ತಾ ನಡೆದಳು. ನಾನು ಹಿಂದೆ ಬಾಯಲ್ಲೇ ಕಹಳೆ ಊದುತ್ತಿದ್ದೆ. ಕುಂಡದ ತನಕ ಒಂಬತ್ತು ಹೆಜ್ಜೆ. ಏಳನೆಯದಕ್ಕೆ ಬಿಸಿಲಿನ ಕಾವು ತಾಗಿ ಅದು ಕಾಲು ಬಿಚ್ಚಿತು. ಕಚ್ಚಿ ಬಿಡಲಿಲ್ಲ, ಬೆರಳಿಗೆ ಜೋತುಬಿತ್ತು. ನಾನು ಕಿತ್ತು ಬಿಸಾಡಿದೆ.

ಆಮೇಲೆ ಫ್ರಿಜ್ಜಿಗೆ ಓಡಿದೆ. ನಿನ್ನ ಹಾಳೆ ಆ ಬಾಗಿಲ ಮೇಲೇ ಇತ್ತು. "ಮಂಜುಗಡ್ಡೆ ಬೇಡ" ಎಂದು ನೀನು ಕೆಂಪಿನಲ್ಲಿ ಬರೆದಿದ್ದೆ. ಆ ಬಾಗಿಲನ್ನೇ ಎಳೆದು ತೆರೆದು ಮಂಜುಗಡ್ಡೆ ತೆಗೆದೆ. ಜೀವಮಾನವೆಲ್ಲ ಜೇಡ ಅಂದರೆ ಮಂಜುಗಡ್ಡೆ ಎಂದೇ ಇದ್ದವನು, ಓದಲು ನಿಲ್ಲಲಿಲ್ಲ. ಅವಳು "ತುಟಿ ಜುಂ ಅಂತಿದೆ ತಾತ" ಅಂದಳು. ಅದಕ್ಕೆ ನಾನು, "ಸೈನಿಕರ ಹಾಗೆ ಎಡ-ಬಲ ಹಾಕು, ಸರಿಹೋಗುತ್ತೆ" ಅಂದೆ. ಹಿತ್ತಲಲ್ಲಿ ಎರಡು ಸುತ್ತು ನಡೆಸಿದೆ. ಮೂರನೆಯದಕ್ಕೆ ಅವಳ ಕೆನ್ನೆ ತನ್ನಷ್ಟಕ್ಕೆ ಅದುರತೊಡಗಿತು. ಆಗ ಯೋಲಾಂಡಾ ಮನೆಗೆ ಕರೆದೊಯ್ದೆ. ಅದೂ ನಡೆಸಿಕೊಂಡೇ. ಹತ್ತು ಹನ್ನೆರಡು ನಿಮಿಷ ನನ್ನಿಂದಲೇ ಹೋಯಿತು. ನೀನು ಬರೆದ ಆ ನಾಲ್ಕು ನಿಮಿಷ ಬಂದದ್ದು ಇವುಗಳಿಂದಲೇ.

ಡಾಕ್ಟರು "ಹೇಗಾಯ್ತು" ಎಂದು ಕೇಳಿದಾಗ ಬಾಯಿ ತಾನಾಗಿ ಸುಳ್ಳು ಹೇಳಿತು. ಮಗು ಬದುಕುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ. ಇದನ್ನು ಬರೆದಿದ್ದೇನೆ, ಅಳಿಸುವುದಿಲ್ಲ. ಅವಳು ಬದುಕಿದಳು ಎಂದು ನರ್ಸು ಬಂದು ಹೇಳಿದಾಗ ನನಗಾದ ಸಂತೋಷದ ಒಳಗೆ ಒಂದು ಹೆದರಿಕೆಯೂ ಇತ್ತು. ಆ ಹೆದರಿಕೆಯೇ ನನ್ನನ್ನು ಬಸ್ಸಿಗೆ ಹತ್ತಿಸಿದ್ದು.

ಕ್ಷಮಿಸು ಎಂದು ಕೇಳುವುದಿಲ್ಲ. ಅದನ್ನು ಕೇಳಿದರೆ ಕೊಡುವ ಭಾರವೂ ನಿನ್ನ ಮೇಲೆಯೇ ಬೀಳುತ್ತದೆ. ಇನ್ನು ಮುಂದೆ ಅವಳನ್ನು ನೋಡಲು ಬಿಡುವುದಿಲ್ಲ ಎಂದರೆ ಅದು ನ್ಯಾಯ. ಆದರೆ ಆ ಮಗು ಕಂಡವರಿಗೆಲ್ಲ ತಪ್ಪಾಯಿತು ಎನ್ನುತ್ತಿದೆ. ಆ ಮಾತು ನನ್ನದು. ಅದನ್ನು ಅವಳಿಂದ ವಾಪಸ್ಸು ತೆಗೆದುಕೊಳ್ಳಬೇಕು. ಪತ್ರದಲ್ಲಿ ಬರೆದರೆ ನೀನು ಓದಿ ಹೇಳಬೇಕಾಗುತ್ತದೆ. ಅದು ನಿನ್ನ ಬಾಯಿಂದ ಬರುವುದು ಬೇಡ.

ನಾಳೆ ಬೆಳಗ್ಗೆ ಎಂಟಕ್ಕೆ, ನೀನು ಕೆಲಸಕ್ಕೆ ಹೊರಡುವ ಮೊದಲು, ನಿಮ್ಮ ಗೇಟಿನ ಹೊರಗೆ ನಿಂತಿರುತ್ತೇನೆ. ಒಳಗೆ ಬರುವುದಿಲ್ಲ. ಅವಳು ಬಾಗಿಲಿಗೆ ಬರಲಿ, ಕಿಟಕಿಗೆ ಬರಲಿ, ಎಲ್ಲಿಗೂ ಬಾರದಿರಲಿ, ಒಳಕೋಣೆಗೂ ಕೇಳುವ ಹಾಗೆ ಹೇಳುತ್ತೇನೆ: "ಟೀಗನ್, ನೀನು ಬೇಡ ಅಂದಿದ್ದೆ. ಎರಡು ಸಲ ಅಂದಿದ್ದೆ. ತಾತ ಬಲವಂತ ಮಾಡಿದ. ಆಮೇಲೆ ತಾತ ಸುಳ್ಳು ಹೇಳಿದ." ಅಕ್ಕಪಕ್ಕದವರು ಹೊರಗೆ ಬಂದರೆ ಅವರೂ ಕೇಳಲಿ. ಅದಾದ ಮೇಲೆ ಗ್ರಾಂಟ್ ಕೆಲಸ ಮಾಡುವ ಮರದ ಮಿಲ್ಲಿಗೆ ನಡೆದುಹೋಗಿ, ಗರಗಸ ನಿಲ್ಲಿಸಲು ಹೇಳಿ, ಅವನ ಮುಂದೆಯೂ ಇದನ್ನೇ ಹೇಳುತ್ತೇನೆ.

ಮರ್ವಿನ್ ಟ್ರ್ಯಾಂಟರ್